ಸಾಧು ಪ್ರಾಣಿ ಅಂತ ಮೈಮೇಲೆ ಬೀಳಬೇಡಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪ್ರವಾಸ ಪುಟದಲ್ಲಿ ಇತ್ತೀಚೆಗೆ ಒಂದು ಫೋಟೊ ಬಂದಿತ್ತು. ನೀರಿನೊಳಗೆ ಒಬ್ಬ ಹುಡುಗ ಎರಡೂ ಕೈಯಲ್ಲಿ ಕಡಲಾಮೆಯ ಚಿಪ್ಪು ಹಿಡಿದುಕೊಂಡು ಕ್ಯಾಮೆರಾ ಕಡೆ ನೋಡುತ್ತಿದ್ದಾನೆ. ಕೆಳಗೆ ‘ಆಮೆಯ ಜೊತೆ ಗೆಳೆತನ’ ಅಂತ ಹಾಕಿದ್ದೀರಿ. ಆ ಗೆಳೆತನ ಬೇಕಾ ಅಂತ ಆಮೆಯನ್ನು ಯಾರೂ ಕೇಳಿದಂತಿಲ್ಲ. ನಮ್ಮ ದೇಶದಲ್ಲಿ ಕಡಲಾಮೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಪಟ್ಟಿಯಲ್ಲಿದೆ. ಹುಲಿ, ಆನೆ ಇರುವುದೂ ಅದೇ ಪಟ್ಟಿಯಲ್ಲಿ. ಹುಲಿಯನ್ನು ಹೀಗೆ ಹಿಡಿದುಕೊಂಡು ಯಾರೂ ನಿಮಗೆ ಫೋಟೊ ಕಳಿಸಲ್ಲ ಬಿಡಿ. ಆಮೆ ಹುಲಿಯಂತೆ ಮೈಮೇಲೆ ಎರಗಲ್ಲ. ಅದಕ್ಕೇ ಅದರ ಮೇಲೆ ಕೈ. ಅದು ಮೀನಿನಂತೆ ನೀರಲ್ಲೇ ಉಸಿರಾಡುವ ಪ್ರಾಣಿಯೂ ಅಲ್ಲ, ಆಗಾಗ ಮೇಲೆ ಬಂದು ಗಾಳಿ ತೆಗೆದುಕೊಳ್ಳಬೇಕು. ಕೆಳಗೇ ಹಿಡಿದು ನಿಲ್ಲಿಸಿದರೆ ಅದರ ಗತಿ ಏನು ಅಂತ ಒಂದು ಸಾಲು ಹಾಕಲು ಜಾಗ ಇರಲಿಲ್ಲವೇ?

ಬೈಯಲು ಈ ಪತ್ರ ಬರೆಯುತ್ತಿಲ್ಲ. ಹೋದ ಚಳಿಗಾಲದಲ್ಲಿ ನಾನೂ ಮ್ಯಾನಟಿ ಅನ್ನುವ ಇಂಥದೇ ಒಂದು ಸಾಧು ಪ್ರಾಣಿಯ ಜೊತೆ ನೀರಿನಲ್ಲಿದ್ದು ಬಂದೆ. ಅಲ್ಲಿ ಕಂಡದ್ದನ್ನು ಹೇಳಬೇಕು ಅನ್ನಿಸಿತು.

ನಾನು ಕೋಲಾರದ ಎಪಿಎಂಸಿ ಯಾರ್ಡಿನಲ್ಲಿ ಒಂದು ಟೊಮೆಟೊ ಮಂಡಿಯ ರೈಟರ್. ಬೆಳಗಿನ ಹರಾಜು, ಬಾಕ್ಸ್ ಲೆಕ್ಕ, ರೈತರಿಗೆ ಕೊಡುವ ಪಟ್ಟಿ, ಇದೇ ನನ್ನ ಕಸುಬು. ಮಗಳು, ಅಳಿಯ ಅಮೆರಿಕದ ಫ್ಲೋರಿಡಾ ರಾಜ್ಯದ ಟ್ಯಾಂಪಾದಲ್ಲಿದ್ದಾರೆ. ಬನ್ನಿ ಬನ್ನಿ ಅಂತ ಕರೆಯುತ್ತಲೇ ಇದ್ದರು. ಚಳಿಗಾಲದಲ್ಲಿ ಯಾರ್ಡಿಗೆ ಮಾಲು ಕಡಿಮೆ, ಯಜಮಾನರೂ ರಜೆಗೆ ಹೂಂ ಅಂದರು. ನಾನು, ನನ್ನ ಹೆಂಡತಿ ಹೋದೆವು. ಅಲ್ಲಿನ ದೊಡ್ಡ ದೊಡ್ಡ ಅಂಗಡಿ, ಸೇತುವೆ, ಬೀಚು ಎಲ್ಲ ನೋಡಿದ್ದಾಯಿತು. ಅದರ ವರದಿ ಒಪ್ಪಿಸಿ ನಿಮ್ಮ ಜಾಗ ತಿನ್ನುವುದಿಲ್ಲ.

ಟ್ಯಾಂಪಾದಿಂದ ಉತ್ತರಕ್ಕೆ ಕಾರಿನಲ್ಲಿ ಒಂದೂವರೆ ಗಂಟೆ ಹೋದರೆ ಕ್ರಿಸ್ಟಲ್ ರಿವರ್ ಅಂತ ಒಂದು ಸಣ್ಣ ಊರು. ಅಲ್ಲಿ ಕಿಂಗ್ಸ್ ಬೇ ಅನ್ನುವ ಕೊಲ್ಲಿ ಇದೆ. ಅದರ ತಳದಲ್ಲಿ 70ಕ್ಕೂ ಜಾಸ್ತಿ ಒರತೆಗಳು. ಚಳಿ ಇರಲಿ ಬಿಸಿಲಿರಲಿ, ಆ ಒರತೆಗಳಿಂದ ಉಕ್ಕುವ ನೀರು ವರ್ಷವಿಡೀ 22 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಇರುತ್ತದೆ. ಚಳಿಗಾಲದಲ್ಲಿ ಸಮುದ್ರದ ನೀರು ತಣ್ಣಗಾದ ಕೂಡಲೇ ಮ್ಯಾನಟಿಗಳು ನದಿಯೊಳಗೆ ಬಂದು ಈ ಒರತೆಗಳ ಸುತ್ತ ಸೇರುತ್ತವೆ. ಮೈ ನೋಡಿದರೆ ಕೊಬ್ಬಿನ ಮುದ್ದೆ ಅನ್ನಬೇಕು, ಆದರೆ ಚಳಿ ತಡೆಯುವ ಕೊಬ್ಬು ಅವಕ್ಕೆ ಇಲ್ಲ. 20 ಡಿಗ್ರಿಗಿಂತ ತಣ್ಣಗಿನ ನೀರಿನಲ್ಲಿ ಜಾಸ್ತಿ ಹೊತ್ತು ಉಳಿದರೆ ಕಾಯಿಲೆ ಬೀಳುತ್ತವೆ, ಸಾಯುತ್ತವೆ. ಅವು ಅಲ್ಲಿಗೆ ಬರುವುದು ನಮ್ಮನ್ನು ನೋಡಲು ಅಲ್ಲ, ಜೀವ ಉಳಿಸಿಕೊಳ್ಳಲು. ಇದನ್ನು ಮೊದಲು ತಿಳಿದುಕೊಂಡರೆ ಮಿಕ್ಕ ನಿಯಮಗಳೆಲ್ಲ ತಾವಾಗಿ ಅರ್ಥವಾಗುತ್ತವೆ.

ಮ್ಯಾನಟಿ ಅಂದರೆ ಏನು ಅಂತ ನನಗೂ ಅಲ್ಲಿಗೆ ಹೋಗುವ ತನಕ ಗೊತ್ತಿರಲಿಲ್ಲ. ಹುಲ್ಲು, ಜೊಂಡು ಮೇಯುವ ನೀರಿನ ಪ್ರಾಣಿ. ಮೀನು ಬೇಟೆ ಆಡಲ್ಲ. ಬಲಿತದ್ದು ಸುಮಾರು 3 ಮೀಟರ್ ಉದ್ದ, ತೂಕ 500 ಕೆಜಿಯ ಆಸುಪಾಸು. ನಮ್ಮ ಯಾರ್ಡಿನವರಿಗೆ ಹೇಳುವುದಾದರೆ, 15 ಕೆಜಿಯ ಟೊಮೆಟೊ ಬಾಕ್ಸ್ ಮೂವತ್ತಮೂರು ಪೇರಿಸಿದಷ್ಟು ತೂಕ ನಿಮ್ಮ ಹೊಟ್ಟೆಯ ಕೆಳಗೆ ಸದ್ದಿಲ್ಲದೆ ಹಾದುಹೋಗುತ್ತದೆ. ನೆಲದ ಮೇಲಿನ ಪ್ರಾಣಿಗಳಲ್ಲಿ ಅದರ ಹತ್ತಿರದ ನೆಂಟ ಆನೆ. ನಾನು ನಂಬಿರಲಿಲ್ಲ. ಮುಂಗಾಲಿನ ತುದಿಯಲ್ಲಿ ಉಗುರು ನೋಡಿದ ಮೇಲೆ ನಂಬಿದೆ. ಹಲ್ಲೂ ವಿಚಿತ್ರ. ಮುಂದಿನ ದವಡೆ ಹಲ್ಲು ಸವೆದು ಬಿದ್ದಂತೆ ಹಿಂದಿನದು ಮುಂದಕ್ಕೆ ಸರಿದು ಬರುತ್ತದೆ, ಬದುಕಿರುವ ತನಕ ಹೀಗೇ. ಮರಳು ಸೇರಿದ ಹುಲ್ಲು ಅಗಿಯುವ ಬಾಯಿಗೆ ಇದು ಬೇಕೇ ಬೇಕು.

ಬೆಳಕು ಹರಿಯುವ ಮುಂಚೆ ಅಲ್ಲಿದ್ದೆವು. ಮಗಳು ನಿದ್ದೆಗಣ್ಣಲ್ಲಿದ್ದಳು. ನನಗೆ ಅದು ಮಂಡಿಗೆ ಹೊರಡುವ ಹೊತ್ತು. ನಮ್ಮ ದುಡ್ಡಿನಲ್ಲಿ ತಲೆಗೆ ಆರೇಳು ಸಾವಿರ ರೂಪಾಯಿ ಕಟ್ಟಿದೆವು. ದುಡ್ಡು ಕಟ್ಟಿದ ಕೂಡಲೇ ದೋಣಿ ಹತ್ತಿಸಬೇಕಲ್ಲವಾ? ಇಲ್ಲ. ಒಂದು ಕೋಣೆಯಲ್ಲಿ ಕೂರಿಸಿ ಟಿವಿ ಹಾಕಿದರು. ಮ್ಯಾನಟಿ ಹತ್ತಿರ ಹೇಗೆ ನಡೆದುಕೊಳ್ಳಬೇಕು ಅನ್ನುವ ವಿಡಿಯೊ. ಅದನ್ನು ನೋಡದೆ ಯಾರನ್ನೂ ನೀರಿಗೆ ಬಿಡುವುದಿಲ್ಲ. ಅಟ್ಟಿಸಿಕೊಂಡು ಹೋಗಬಾರದು. ಸುತ್ತುಗಟ್ಟಬಾರದು. ಮಲಗಿದ್ದನ್ನು ಎಬ್ಬಿಸಬಾರದು. ಮೇಲಿಂದ ಮುಳುಗಿ ಅದರ ಹತ್ತಿರ ಹೋಗಬಾರದು. ತಾಯಿ, ಮರಿಯ ಮಧ್ಯೆ ಹೋಗಬಾರದು. ತಿನ್ನಲು ಏನೂ ಕೊಡಬಾರದು, ಕುಡಿಯಲು ನೀರು ಕೂಡ. ಕೈಕಾಲು ಬಡಿಯಬಾರದು. ಸುಮ್ನೆ ತೇಲಬೇಕು, ಅಷ್ಟೇ.

ನನ್ನ ಹೆಂಡತಿ ವಿಡಿಯೊ ಮುಗಿದ ಮೇಲೆ ಕೇಳಿದಳು, “ಇಷ್ಟೆಲ್ಲ ಮಾಡಬಾರದು ಅಂದಮೇಲೆ ದುಡ್ಡು ಯಾಕ್ರೀ ಇಸ್ಕೊಂಡ್ರು?” ನ್ಯಾಯವಾದ ಪ್ರಶ್ನೆ. ಅವಳು ದೋಣಿಯಲ್ಲೇ ಕೂರುತ್ತೇನೆ ಅಂದಳು. “ಈ ವಯಸ್ಸಲ್ಲಿ ನಿಮಗೆ ಬೇಕಾ” ಅಂತ ನನಗೂ ಒಂದು ಮಾತು.

ನನಗೆ ಈಜು ಬರುತ್ತದೆ. ನಮ್ಮ ಕಾಲದಲ್ಲಿ ಕೋಲಾರ ಸೀಮೆಯ ಹಳ್ಳಿ ಹುಡುಗರಿಗೆ ಈಜು ಬರದಿದ್ದರೆ ಅವಮಾನ. ಶ್ರೀನಿವಾಸಪುರ ರಸ್ತೆಯ ನಮ್ಮ ಹಳ್ಳಿಯಲ್ಲಿ ಕಪಿಲೆ ಬಾವಿ ಇತ್ತು. ಚಿಕ್ಕಪ್ಪ ಬೆನ್ನಿಗೆ ಒಣ ಸೋರೆ ಬುರುಡೆ ಕಟ್ಟಿ ತಳ್ಳುತ್ತಿದ್ದರು. ಕೆಲವರಿಗೆ ಕತ್ತಾಳೆ ದಿಂಡು. ಮೆಟ್ಟಿಲ ಮೇಲೆ ಕೂತ ದೊಡ್ಡವರು ಬೈಯುತ್ತಾ ಕಲಿಸುತ್ತಿದ್ದರು. ಈಗ ಆ ಬಾವಿಯಲ್ಲಿ ಲಂಟಾನ ಬೆಳೆದಿದೆ. ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳ ಊರಿನಲ್ಲಿ ಬಾವಿಗೆ ನೀರು ಎಲ್ಲಿಂದ ಬರಬೇಕು? ನಮ್ಮ ಮೊಮ್ಮಕ್ಕಳ ವಯಸ್ಸಿನವರಿಗೆ ಈಜು ಅಂದರೆ ಬೆಂಗಳೂರಿನ ಕ್ಲಬ್ಬಿನ ವಿಷಯ. ಇಂಥ ಮಕ್ಕಳು ದೊಡ್ಡವರಾಗಿ ಲೈಫ್ ಜಾಕೆಟ್ ಹಾಕಿಕೊಂಡು ಮೊದಲ ಸಲ ಸಮುದ್ರಕ್ಕೆ ಇಳಿಯುತ್ತಾರೆ. ಹೆದರಿಕೆಗೆ ಕೈಗೆ ಸಿಕ್ಕಿದ್ದನ್ನು ಹಿಡಿಯುತ್ತಾರೆ. ಅದು ಹವಳವೋ ಆಮೆಯೋ ಅವರಿಗೆ ಗೊತ್ತಾಗಲ್ಲ. ಅವರನ್ನೇ ಪೂರ್ತಿ ದೂರಲು ಮನಸ್ಸು ಬರುವುದಿಲ್ಲ.

ಮೈಗೆ ಅಂಟುವ ರಬ್ಬರ್ ಬಟ್ಟೆ ಹಾಕಿಸಿದರು. ಅದರೊಳಗೆ ತೂರುವುದೇ ಒಂದು ಹರಸಾಹಸ. ಕಣ್ಣಿಗೆ ಮಾಸ್ಕ್, ಬಾಯಿಗೆ ಉಸಿರಿನ ನಳಿಗೆ, ಕಂಕುಳ ಕೆಳಗೆ ಸ್ಪಂಜಿನ ಕೋಲು. ದೋಣಿ ನಡೆಸುತ್ತಿದ್ದವರು ಒಬ್ಬ ಹೆಂಗಸು, ಗೈಡ್ ಒಬ್ಬ ಹುಡುಗ. ನೀರಿನ ಮೇಲೆ ಹಬೆ ಏಳುತ್ತಿತ್ತು. ದಾರಿಯುದ್ದಕ್ಕೂ ನೀರಿನಲ್ಲೇ ಬೋರ್ಡುಗಳು, ಇಲ್ಲಿ ನಿಧಾನ, ಇಲ್ಲಿ ಇನ್ನೂ ನಿಧಾನ ಅಂತ. ಇಂಜಿನ್ ಬರೀ ಗುರುಗುಟ್ಟುವಷ್ಟು ವೇಗದಲ್ಲಿ ಹೋದೆವು. ಅಲ್ಲಲ್ಲಿ ತೇಲುವ ಗುಂಡುಗಳಿಗೆ ಹಗ್ಗ ಕಟ್ಟಿ ಜಾಗ ಬೇರೆ ಮಾಡಿದ್ದರು. ನವೆಂಬರ್ 15ರಿಂದ ಮಾರ್ಚ್ 31ರ ತನಕ ಆ ಹಗ್ಗದ ಆಚೆ ಮನುಷ್ಯರಿಗೆ ಪ್ರವೇಶ ಇಲ್ಲ. ಮ್ಯಾನಟಿಗೆ ನಾವು ಬೇಡ ಅನ್ನಿಸಿದರೆ ಹಗ್ಗದ ಆ ಕಡೆ ಹೋಗಿ ಮಲಗಬಹುದು. ಈ ಏರ್ಪಾಡು ನನಗೆ ತುಂಬಾ ಹಿಡಿಸಿತು. ನೋಡಿಸಿಕೊಳ್ಳಬೇಕಾ ಬೇಡವಾ ಅಂತ ತೀರ್ಮಾನ ಮಾಡುವುದು ಪ್ರಾಣಿ, ಟಿಕೆಟ್ ತೆಗೆದುಕೊಂಡವನಲ್ಲ.

ನೀರಿಗಿಳಿದು ಮುಖ ತಗ್ಗಿಸಿದೆ. ಮೊದಲಿಗೆ ಏನೂ ಇಲ್ಲ. ಬರೀ ಮಬ್ಬು. ಮಗಳು ಪಕ್ಕದಲ್ಲಿ ಮುಖ ಮೇಲೆತ್ತಿ, “ಅಪ್ಪಾ, ಕೈ ಎದೆ ಮೇಲೆ ಇಟ್ಕೋಪ್ಪ, ಒದಿಬೇಡ” ಅಂದಳು. ಕೈ ಕಟ್ಟಿಕೊಂಡೆ. ಸ್ವಲ್ಪ ಹೊತ್ತಿಗೆ ತಳದಲ್ಲಿ ಬಂಡೆ ಅಂದುಕೊಂಡಿದ್ದದ್ದು ಎದ್ದಿತು. ಕೈಕಾಲು ಆಡಿಸಲಿಲ್ಲ, ಹಾಗೇ ಮೇಲಕ್ಕೆ ಬಂತು. ಮೂಗಿನ ಎರಡು ಹೊಳ್ಳೆ ನೀರಿನ ಮೇಲೆ ಇಟ್ಟು ಫುಸ್ ಅಂತ ಉಸಿರು ಬಿಟ್ಟು, ಹೊಳ್ಳೆ ಮುಚ್ಚಿಕೊಂಡು ಮತ್ತೆ ಕೆಳಗಿಳಿಯಿತು. ನಿದ್ದೆಯಲ್ಲೇ ಹೀಗೆ ಮಾಡುತ್ತದಂತೆ. ಮಲಗಿದ್ದಾಗ 20 ನಿಮಿಷದ ತನಕ ಉಸಿರು ಹಿಡಿಯಬಲ್ಲದು, ಓಡಾಡುವಾಗ ಮೂರ್ನಾಲ್ಕು ನಿಮಿಷಕ್ಕೊಮ್ಮೆ ಮೇಲೆ ಬರಬೇಕು. ಆ ಉಸಿರಿಗೆ ಅಡ್ಡ ಬಂದರೆ ಏನಾಗುತ್ತದೆ ಅಂತ ಆಗ ಗೊತ್ತಾಯಿತು. ಅದು ಏಳುವ ಜಾಗದಲ್ಲಿ ನಾವು ಹತ್ತು ಜನ ತೇಲುತ್ತಾ ನಿಂತರೆ ಅದಕ್ಕೆ ಜಾಗ ಎಲ್ಲಿ?

ಆಮೇಲೆ ಬಂದದ್ದು ತಾಯಿ, ಮರಿ. ಮರಿ ತಾಯಿಯ ಮುಂಗಾಲಿನ ಸಂದಿಗೆ ಮೂತಿ ಒತ್ತಿ ಹಾಲು ಕುಡಿಯುತ್ತಿತ್ತು. ಮ್ಯಾನಟಿಯ ಮೊಲೆ ಇರುವುದು ಕಂಕುಳ ಹತ್ತಿರ. ತಾಯಿಯ ಬೆನ್ನ ಮೇಲೆ ಹಸಿರು ಪಾಚಿ. ಪಾಚಿಯ ನಡುವೆ ಸಾಲಾಗಿ, ಒಂದೇ ಅಂತರದಲ್ಲಿ ಬಿಳಿ ಗೆರೆಗಳು. ಯಾರೋ ಅಳತೆ ಪಟ್ಟಿ ಇಟ್ಟು ಎಳೆದ ಹಾಗಿದ್ದವು. ದೋಣಿಯ ಪ್ರೊಪೆಲ್ಲರ್ ಕುಯ್ದ ಗಾಯ, ಒಣಗಿ ಉಳಿದ ಕಲೆ. ಬಾಲದ ಅಂಚಿನಲ್ಲೂ ಒಂದು ತುಂಡು ಹಾರಿಹೋಗಿತ್ತು. ಫ್ಲೋರಿಡಾದಲ್ಲಿ ದೋಣಿ ಬಡಿದೇ ವರ್ಷಕ್ಕೆ ನೂರರ ಆಸುಪಾಸು ಮ್ಯಾನಟಿ ಸಾಯುತ್ತವೆ. ಸಾಯದೆ ಉಳಿದವುಗಳ ಮೈಮೇಲೆ ಎಷ್ಟು ಕಲೆ ಅಂದರೆ, ಸಂಶೋಧಕರು ಆ ಕಲೆಗಳ ಫೋಟೊ ತೆಗೆದಿಟ್ಟುಕೊಂಡೇ ಇದು ಯಾವ ಮ್ಯಾನಟಿ ಅಂತ ಗುರುತು ಹಿಡಿಯುತ್ತಾರೆ.

ಮರಿ ಹಾಲು ಬಿಟ್ಟು ನನ್ನ ಕಡೆ ಬಂತು. ಮೂತಿಯ ತುಂಬ ಗಡುಸು ಮೀಸೆ. ಸ್ಪಂಜಿನ ಕೋಲನ್ನು ಮೂಸಿತು. ತುಟಿಯಿಂದ ಹಿಡಿದು ಎಳೆಯಿತು, ರುಚಿ ಹಿಡಿಸಲಿಲ್ಲ, ಬಿಟ್ಟಿತು. ಆಮೇಲೆ ನನ್ನ ಮೊಣಕೈಗೆ ಮೂತಿ ತಾಗಿಸಿತು. ನಿಜ ಹೇಳುತ್ತೇನೆ, ಕೈ ಚಾಚುವ ಆಸೆ ಬಂತು. ಕೈ ಎದೆ ಮೇಲೇ ಇತ್ತು. ಅದು ನೋಡುವಷ್ಟು ನೋಡಿಕೊಂಡು ತಾಯಿಯ ಹಿಂದೆ ಹೋಯಿತು. ನನ್ನ ಹೆಂಡತಿಯ ಪ್ರಶ್ನೆಗೆ ನನ್ನ ಉತ್ತರ ಇದೇ: ದುಡ್ಡು ಇಸ್ಕೊಂಡದ್ದು ಇದಕ್ಕೆ. ಅದಾಗಿ ಬಂದು ಹೋದದ್ದಕ್ಕೆ ಇರುವ ಬೆಲೆ ನಾನು ಹಿಡಿದುಕೊಂಡಿದ್ದರೆ ಇರುತ್ತಿರಲಿಲ್ಲ.

ಅಲ್ಲಿ ಎಲ್ಲರೂ ಹರಿಶ್ಚಂದ್ರರು ಅಂತ ತಿಳಿಯಬೇಡಿ. 2012ರಲ್ಲಿ ಟ್ಯಾಂಪಾ ಹತ್ತಿರದ ಒಂದು ಬೀಚಿನಲ್ಲಿ ಒಬ್ಬ ಹೆಂಗಸು ಮ್ಯಾನಟಿಯ ಬೆನ್ನೇರಿ ಸವಾರಿ ಮಾಡಿ ಪೊಲೀಸ್ ಕೇಸು ಹಾಕಿಸಿಕೊಂಡಳು. 2021ರ ಜನವರಿಯಲ್ಲಿ, ಕ್ರಿಸ್ಟಲ್ ರಿವರ್ ಪಕ್ಕದ ಹೊಮೊಸಾಸಾ ನದಿಯಲ್ಲಿ, ಒಂದು ಮ್ಯಾನಟಿಯ ಬೆನ್ನ ಪಾಚಿಯ ಮೇಲೆ ಯಾರೋ ಆಗಿನ ಅಧ್ಯಕ್ಷರ ಹೆಸರು ಗೀಚಿದ್ದರು. ನಮ್ಮಲ್ಲಿ ಬೆಟ್ಟದ ಬಂಡೆ, ಗುಡಿಯ ಕಂಬ ಕಂಡರೆ ಸುಣ್ಣ ಬಳಿದು ಹೆಸರು ಕೆತ್ತುವ ಜನ ಇದ್ದಾರಲ್ಲ, ಅವರ ದಾಯಾದಿಗಳು ಎಲ್ಲ ದೇಶದಲ್ಲೂ ಇದ್ದಾರೆ. ಅಲ್ಲಿ ಒಂದು ವ್ಯತ್ಯಾಸ ಇದೆ. ಕೇಂದ್ರ ಕಾನೂನಿನಲ್ಲಿ 50,000 ಡಾಲರ್ ತನಕ ದಂಡ, ಒಂದು ವರ್ಷದ ತನಕ ಜೈಲು ಅಂತ ಬರೆದಿದೆ. ಅದನ್ನು ಬರೆದಿರುವ ಬೋರ್ಡು ದೋಣಿ ಹತ್ತುವ ಜಾಗದಲ್ಲೇ ಕಣ್ಣಿಗೆ ಬೀಳುತ್ತದೆ.

ತಿನ್ನಲು ಕೊಡಬಾರದು ಅನ್ನುವುದು ನನಗೆ ಮೊದಲು ಕಲ್ಲೆದೆ ಅನ್ನಿಸಿತ್ತು. ಗೈಡ್ ಹುಡುಗ ಹೇಳಿದ ಮೇಲೆ ತಿಳಿಯಿತು. ದೋಣಿ ಕಟ್ಟುವ ಜಾಗದಲ್ಲಿ ಯಾರೋ ಪೈಪಿನಿಂದ ನೀರು ಕುಡಿಸುತ್ತಾರೆ, ಸೊಪ್ಪು ಹಾಕುತ್ತಾರೆ. ಪ್ರಾಣಿ ಆ ಜಾಗಕ್ಕೆ ದಿನಾ ಬರಲು ಶುರು ಮಾಡುತ್ತದೆ. ಅಲ್ಲೇ ದೋಣಿಗಳ ಓಡಾಟ ಜಾಸ್ತಿ. ಒಂದು ದಿನ ಪ್ರೊಪೆಲ್ಲರಿಗೆ ಸಿಕ್ಕುತ್ತದೆ. ಇದನ್ನು ಕೇಳುವಾಗ ನನ್ನ ಕಣ್ಣ ಮುಂದೆ ಬಂದದ್ದು ನಮ್ಮ ಕೋಲಾರದ ಅಂತರಗಂಗೆ ಬೆಟ್ಟ. ಮೆಟ್ಟಿಲು ಹತ್ತುವ ಜನ ಕೋತಿಗೆ ಬಿಸ್ಕತ್ತು, ಚಿಪ್ಸ್, ತಂಪು ಪಾನೀಯದ ಬಾಟಲಿ ಕೊಡುತ್ತಾರೆ. ಪುಣ್ಯ ಅಂದುಕೊಳ್ಳುತ್ತಾರೆ. ಆಮೇಲೆ ಅದೇ ಕೋತಿ ಬ್ಯಾಗ್ ಕಿತ್ತುಕೊಂಡರೆ ಕಲ್ಲು ಬೀಸುತ್ತಾರೆ. ಬೆಟ್ಟದಿಂದ ರಸ್ತೆಗೆ ಇಳಿದ ಕೋತಿ ಲಾರಿಗೆ ಸಿಕ್ಕರೆ ಯಾರೂ ಲೆಕ್ಕ ಇಡಲ್ಲ. ಅಲ್ಲಿನ ಕಲ್ಲಿನ ಬಸವನ ಬಾಯಿಂದ ಬೀಳುವ ನೀರು ಹಿಡಿದುಕೊಂಡು, ಚಿಪ್ಸ್ ಕವರನ್ನು ಅಲ್ಲೇ ಬಿಸಾಕಿ ಬರುವವರನ್ನು ನಾನೇ ಎಷ್ಟೋ ಸಲ ನೋಡಿದ್ದೇನೆ.

ಬಗ್ಗಿದವನಿಗೆ ಇನ್ನೊಂದು ಗುದ್ದು ಅಂತಾರಲ್ಲ, ಹಾಗೆ. ಪ್ರಾಣಿ ಸಾಧು ಅಂತ ಗೊತ್ತಾದ ಕೂಡಲೇ ನಮ್ಮ ಕೈ ಉದ್ದವಾಗುತ್ತದೆ. ನಾಗರಹಾವನ್ನು ಯಾರಾದರೂ ಅಪ್ಪಿಕೊಳ್ಳುತ್ತಾರಾ? ಉತ್ತರದ ಬೇರಿಂಗ್ ಸಮುದ್ರದಲ್ಲಿ ಮ್ಯಾನಟಿಯ ನೆಂಟ ಒಂದಿತ್ತು, ಸ್ಟೆಲ್ಲರ್ ಕಡಲ ಹಸು ಅಂತ. ಮ್ಯಾನಟಿಗಿಂತ ಎಷ್ಟೋ ಪಟ್ಟು ದೊಡ್ಡದು, ಅಷ್ಟೇ ಪಾಪದ್ದು. 1741ರಲ್ಲಿ ಯುರೋಪಿನವರ ಕಣ್ಣಿಗೆ ಬಿತ್ತು. ಮಾಂಸಕ್ಕಾಗಿ ಕೊಂದರು. 1768ರ ಹೊತ್ತಿಗೆ ಒಂದೂ ಉಳಿಯಲಿಲ್ಲ. 27 ವರ್ಷ ಸಾಕಾಯಿತು.

ನೇತ್ರಾಣಿಗೆ ಹೋಗಿ ಬಂದ ನಮ್ಮ ಮಂಡಿಯ ಹುಡುಗರನ್ನು ಊರಿಗೆ ಬಂದಮೇಲೆ ಕೇಳಿದೆ. ಮುರುಡೇಶ್ವರದಿಂದ ದೋಣಿಯಲ್ಲಿ ಹೋಗುವ ಆ ದ್ವೀಪದ ಸುತ್ತ ಹವಳ ಇದೆ, ಆಮೆ ಇದೆ, ಬಣ್ಣಬಣ್ಣದ ಮೀನಿದೆ. ಅದೃಷ್ಟ ಇದ್ದವರಿಗೆ ತಿಮಿಂಗಿಲ ಶಾರ್ಕ್ ಕೂಡ ಕಂಡದ್ದುಂಟು. ಅದೂ ಸಾಧುವೇ. ಮೀನುಗಳಲ್ಲೆಲ್ಲ ದೊಡ್ಡದು, ನೀರು ಸೋಸಿ ಸಣ್ಣಪುಟ್ಟ ಜೀವಿ ತಿನ್ನುತ್ತದೆ, ನಮ್ಮಲ್ಲಿ 2001ರಿಂದ ಕಾನೂನಿನ ರಕ್ಷಣೆ ಇದೆ. ‘ನೀರಿಗೆ ಇಳಿಯುವ ಮುಂಚೆ ಏನು ಹೇಳಿಕೊಟ್ರಪ್ಪ?’ ಅಂದೆ. ಬಾಯಲ್ಲಿ ಉಸಿರಾಡುವುದು ಹೇಗೆ, ಕಿವಿ ನೋವು ಬಂದರೆ ಏನು ಮಾಡಬೇಕು, ಕೈ ಸನ್ನೆ ಯಾವುದು, ಎಲ್ಲ ಚೆನ್ನಾಗಿ ಹೇಳಿಕೊಟ್ಟರಂತೆ. ‘ಆಮೆ, ಹವಳ ಮುಟ್ಟಬಾರದು ಅಂತ?’ ‘ಹೇಳಿರಬೌದು ಅಣ್ಣ, ನೆನಪಿಲ್ಲ.’ ಒಳ್ಳೆಯ ಗೈಡುಗಳು ಹೇಳಿಯೇ ಹೇಳುತ್ತಾರೆ, ನಂಬುತ್ತೇನೆ. ಆದರೆ ನೆನಪಲ್ಲಿ ಉಳಿಯುವ ಹಾಗೆ ಹೇಳಬೇಕು. ಹೇಳಿದ್ದನ್ನು ಮೀರಿದವನನ್ನು ನೀರಿನಿಂದ ಮೇಲೆ ಹತ್ತಿಸಬೇಕು. ನಮ್ಮ ಊರಿನಲ್ಲೇ ಅಂಡಮಾನ್, ಲಕ್ಷದ್ವೀಪ, ಮುರುಡೇಶ್ವರ ಪ್ಯಾಕೇಜ್ ಮಾರುವ ಟ್ರಾವೆಲ್ಸ್ ಅಂಗಡಿಗಳಿವೆ. ಊಟ, ಎಸಿ, ಹೋಟೆಲ್ ಎಲ್ಲ ಪಾಂಪ್ಲೆಟ್‌ನಲ್ಲಿ ಇರುತ್ತದೆ. ಅದರ ಹಿಂಬದಿ ಖಾಲಿ ಬಿಟ್ಟಿರುತ್ತಾರೆ. ಅಲ್ಲಿ ನಾಲ್ಕು ಸಾಲು ಹಾಕಿಸಲು ಏನು ಖರ್ಚು?

ಇಷ್ಟೇ ಆಗಿದ್ದರೆ ಪತ್ರ ಇಲ್ಲಿಗೆ ನಿಲ್ಲುತ್ತಿತ್ತು. ಆದರೆ ವಾಪಸ್ ಬರುವಾಗ ನಮ್ಮ ದೋಣಿ ನಡೆಸುತ್ತಿದ್ದ ಹೆಂಗಸು ಹೇಳಿದ ಇನ್ನೊಂದು ವಿಷಯ ಬಿಡುವ ಹಾಗಿಲ್ಲ. ಮಗಳು ಕನ್ನಡದಲ್ಲಿ ಹೇಳುತ್ತಾ ಹೋದಳು. ಫ್ಲೋರಿಡಾದಲ್ಲಿ 2021ರ ಒಂದೇ ವರ್ಷ 1,100ರಷ್ಟು ಮ್ಯಾನಟಿ ಸತ್ತವು. ಅದೂ ಇಡೀ ರಾಜ್ಯದಲ್ಲಿ ಇರುವುದೇ ಎಂಟು ಹತ್ತು ಸಾವಿರ ಅನ್ನುವಾಗ. ಅವನ್ನು ಯಾರೂ ಮುಟ್ಟಲಿಲ್ಲ, ಸವಾರಿ ಮಾಡಲಿಲ್ಲ. ಬಹಳಷ್ಟು ಸತ್ತದ್ದು ಹಸಿವಿನಿಂದ. ರಾಜ್ಯದ ಪೂರ್ವ ಕರಾವಳಿಯಲ್ಲಿ ಇಂಡಿಯನ್ ರಿವರ್ ಲಗೂನ್ ಅನ್ನುವ ಉದ್ದನೆಯ ಹಿನ್ನೀರು ಇದೆ. ಅದಕ್ಕೆ ಊರುಗಳ ಕೊಳಚೆ ನೀರು, ಮನೆಗಳ ಶೌಚದ ಗುಂಡಿಯಿಂದ ಇಂಗಿದ ನೀರು, ತೋಟ, ಹುಲ್ಲುಹಾಸಿನ ಗೊಬ್ಬರ ಎಲ್ಲ ವರ್ಷಗಟ್ಟಲೆ ಸೇರಿತು. ನೀರಿನಲ್ಲಿ ಸಾರಜನಕ, ರಂಜಕ ಜಾಸ್ತಿಯಾಯಿತು. ಪಾಚಿ ಉಕ್ಕಿತು. ಮೇಲೆ ಪಾಚಿ ಮುಚ್ಚಿಕೊಂಡರೆ ತಳಕ್ಕೆ ಬಿಸಿಲು ಇಳಿಯಲ್ಲ. ತಳದ ಕಡಲ ಹುಲ್ಲು ಸತ್ತಿತು. ಹುಲ್ಲಿಲ್ಲದೆ ಮ್ಯಾನಟಿ ಸತ್ತವು. ಮುಂದಿನ ಚಳಿಗಾಲದಲ್ಲಿ ಸರ್ಕಾರವೇ, ಕೊಡಬಾರದು ಅನ್ನುವ ನಿಯಮ ಬದಿಗಿಟ್ಟು, ಒಂದು ವಿದ್ಯುತ್ ಸ್ಥಾವರದ ಬಿಸಿ ನೀರಿಗೆ ಬಂದು ಸೇರಿದ್ದ ಮ್ಯಾನಟಿಗಳಿಗೆ ಲೆಟ್ಯೂಸ್ ಸೊಪ್ಪು ಸುರಿಯಿತು. ಆ ಒಂದು ಚಳಿಗಾಲಕ್ಕೆ 90 ಟನ್‌ಗೂ ಮೇಲೆ. ತರಕಾರಿ ವ್ಯಾಪಾರದವನಾಗಿ ಹೇಳುತ್ತೇನೆ, ಅಷ್ಟು ಸೊಪ್ಪು ಕೊಂಡು ಸಾಗಿಸುವುದು ದೊಡ್ಡ ಕೆಲಸ. ಸತ್ತ ಹುಲ್ಲಿಗೆ ಅದು ಬದಲಿ ಆಗಲಿಲ್ಲ.

ಕ್ರಿಸ್ಟಲ್ ರಿವರ್‌ನವರು ಇದನ್ನು ತಮ್ಮ ಕೊಲ್ಲಿಯಲ್ಲೇ ಕಂಡಿದ್ದವರು. ಅಲ್ಲಿ ಲಿಂಗ್ಬಿಯಾ ಅನ್ನುವ ಪಾಚಿ ತಳದಲ್ಲಿ ಚಾಪೆ ಹಾಸಿಬಿಟ್ಟಿತ್ತು. ಮುಳುಗುಗಾರರು ಇಳಿದು, ದೊಡ್ಡ ಪೈಪಿನಿಂದ ಆ ಪಾಚಿ, ಕೆಸರು ಎಲ್ಲ ಹೀರಿಸಿ ತೆಗೆದರು. ಆಮೇಲೆ ನೀರಿನೊಳಗೇ ಹುಲ್ಲಿನ ಸಸಿ ನೆಟ್ಟರು. ಬೇರು ಬಿಡುವ ಮುಂಚೆ ಮ್ಯಾನಟಿ ಮೇಯದಿರಲಿ ಅಂತ ಮೇಲೆ ಜಾಲರಿ ಗೂಡು ಮುಚ್ಚಿದರು. ನಾನು ತೇಲುತ್ತಿದ್ದಾಗ ಕೆಳಗೆ ಕಂಡ ಹಸಿರು ಪೈರು ಹಾಗೆ ನಾಟಿ ಮಾಡಿದ್ದು. ನೀರಿನೊಳಗೆ ನಾಟಿ ಮಾಡಿ ಬೇಲಿ ಹಾಕುತ್ತಾರೆ ಅಂತ ನಮ್ಮ ರೈತರಿಗೆ ಹೇಳಿದರೆ ನನ್ನನ್ನು ನೋಡಿ ನಗುತ್ತಾರೆ.

ನಮ್ಮ ದೇಶದಲ್ಲೂ ಮ್ಯಾನಟಿಯ ನೆಂಟ ಇದೆ. ಡುಗಾಂಗ್. ನಮ್ಮವರು ಕಡಲ ಹಸು ಅಂತಾರೆ. ಮ್ಯಾನಟಿ ನದಿಯಲ್ಲೂ ಇರುತ್ತದೆ, ಇದು ಸಮುದ್ರ ಬಿಟ್ಟು ಬರಲ್ಲ. ಬಾಲ ಅದರದು ದುಂಡಗೆ, ಇದರದು ಕವಲು. ಮನ್ನಾರ್ ಕೊಲ್ಲಿ, ಪಾಕ್ ಕೊಲ್ಲಿ, ಕಛ್ ಕೊಲ್ಲಿ, ಅಂಡಮಾನ್ ಇಷ್ಟರಲ್ಲೇ ಉಳಿದುಕೊಂಡಿದೆ. ಎಲ್ಲ ಸೇರಿ ಇನ್ನೂರರ ಆಸುಪಾಸು ಅಂತ ಅಂದಾಜು. ತಮಿಳುನಾಡು ಸರ್ಕಾರ 2022ರ ಸೆಪ್ಟೆಂಬರಿನಲ್ಲಿ ಪಾಕ್ ಕೊಲ್ಲಿಯಲ್ಲಿ 448 ಚದರ ಕಿಲೋಮೀಟರ್ ಜಾಗವನ್ನು ಅದಕ್ಕೆ ಮೀಸಲು ಅಂತ ಘೋಷಿಸಿತು. ದೇಶದಲ್ಲಿ ಅದೇ ಮೊದಲು. ಅಲ್ಲಿ ಕಾಯಬೇಕಿರುವುದೂ ಮುಖ್ಯವಾಗಿ ಕಡಲ ಹುಲ್ಲನ್ನೇ. ರಾಮೇಶ್ವರಕ್ಕೆ ನಮ್ಮ ಜಿಲ್ಲೆಯಿಂದ ವರ್ಷಕ್ಕೆ ಎಷ್ಟು ಬಸ್ಸು ಹೋಗುತ್ತವೋ. ಅದೇ ನೀರಿನಲ್ಲಿ ಈ ಪ್ರಾಣಿ ಇದೆ ಅಂತ ಹೋಗಿ ಬಂದವರಲ್ಲಿ ಒಬ್ಬರೂ ನನಗೆ ಹೇಳಿಲ್ಲ. ನಿಮ್ಮ ಪ್ರವಾಸ ಪುಟ ಹೇಳಬಹುದು.

ಸಾರಜನಕ, ರಂಜಕ, ಪಾಚಿ. ಈ ಮಾತು ಕೋಲಾರದವರಿಗೆ ಹೊಸದಲ್ಲ. 2018ರಲ್ಲಿ ಕೆಸಿ ವ್ಯಾಲಿ ಯೋಜನೆಯ ನೀರು ಲಕ್ಷ್ಮೀಸಾಗರ ಕೆರೆಗೆ ಬಂದಾಗ ಇಡೀ ಊರೇ ನೋಡಲು ಹೋಗಿತ್ತು. ಬೆಂಗಳೂರಿನ ಕೊಳಚೆಯನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ಕಳಿಸಿದ ನೀರು. ಅದೇ ವರ್ಷ ನೊರೆ ಕಾಣಿಸಿಕೊಂಡಿತು. ಹೈಕೋರ್ಟು, ಸುಪ್ರೀಂ ಕೋರ್ಟು ತನಕ ವ್ಯಾಜ್ಯ ಹೋಯಿತು. ನೀರು ಬೇಡ ಅನ್ನುವ ಗುಂಪಿನವನಲ್ಲ ನಾನು. ಒಣಗಿ ಬಿರಿದಿದ್ದ ಕೆರೆಗಳು ತುಂಬಿದ್ದನ್ನು, ಅಕ್ಕಪಕ್ಕದ ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂದದ್ದನ್ನು ನೋಡಿದ್ದೇನೆ. ನಮ್ಮ ಮಂಡಿಗೆ ಬರುವ ಮಾಲು ಆ ನೀರಿನ ಆಸರೆಯಲ್ಲೂ ಬೆಳೆದಿರುತ್ತದೆ. ಆದರೆ ಎರಡು ಹಂತದ ಶುದ್ಧೀಕರಣದಲ್ಲಿ ಸಾರಜನಕ, ರಂಜಕ ಪೂರ್ತಿ ಹೋಗುವುದಿಲ್ಲ. ಅದಕ್ಕೇ ಇಲ್ಲಿನವರು ಮೂರನೇ ಹಂತ ಬೇಕು ಅಂತ ಅಂದಿನಿಂದ ಕೇಳುತ್ತಿದ್ದಾರೆ. ನಮ್ಮ ಹೊಲಗಳಿಂದ ಹರಿಯುವ ಗೊಬ್ಬರವೂ ಅದೇ ಕೆರೆಗೆ ಸೇರುತ್ತದೆ. ಅದಕ್ಕೆ ಬೆಂಗಳೂರಿನವರನ್ನು ಬೈದು ಉಪಯೋಗ ಇಲ್ಲ. ಡ್ರಿಪ್‌ನಲ್ಲಿ ಎಷ್ಟು ಗೊಬ್ಬರ ಬಿಡುತ್ತೀರಿ ಅಂತ ಟೊಮೆಟೊ ಬೆಳೆಯುವವರನ್ನು ಕೇಳಿ ನೋಡಿ, ಪಕ್ಕದ ಹೊಲದವನಿಗಿಂತ ಒಂದು ಮೂಟೆ ಜಾಸ್ತಿ ಅಂತ ಹೆಮ್ಮೆಯಿಂದ ಹೇಳುತ್ತಾರೆ.

ಕೆರೆಯಲ್ಲಿ ಮ್ಯಾನಟಿ ಇಲ್ಲ, ಗೊತ್ತು. ಮೀನಿದೆ, ಕೊಕ್ಕರೆ ಇದೆ, ನೀರಿಗೆ ಬಾಯಿ ಹಾಕುವ ದನ ಇದೆ.

ಹಾಗಾಗಿ ನಿಮ್ಮಲ್ಲಿ ನನ್ನ ಕೋರಿಕೆ ಎರಡು. ಬೇಸಿಗೆ ರಜೆ ಹತ್ತಿರ ಬರುತ್ತಿದೆ. ಪ್ರವಾಸ ಪುಟದಲ್ಲಿ ಕಡಲು, ಕಾಡು, ಬೆಟ್ಟ ಯಾವುದರ ಬಗ್ಗೆ ಬರೆದರೂ ಅಲ್ಲಿನ ಪ್ರಾಣಿಯ ಹತ್ತಿರ ಏನು ಮಾಡಬಾರದು ಅಂತ ಒಂದು ಚೌಕ ಕಟ್ಟಿ ಹಾಕಿ. ಎರಡನೆಯದು ಜಿಲ್ಲಾ ಪುಟಕ್ಕೆ. ದಿನಾ ಟೊಮೆಟೊ ಧಾರಣೆ ಹಾಕುತ್ತೀರಲ್ಲ, ಅದರ ಪಕ್ಕದಲ್ಲಿ ತಿಂಗಳಿಗೆ ಒಮ್ಮೆ ನಮ್ಮ ಕೆರೆಗಳ ನೀರಿನ ಪರೀಕ್ಷೆಯ ಅಂಕಿಯನ್ನೂ ಹಾಕಿ. ನೈಟ್ರೇಟ್ ಎಷ್ಟು, ಫಾಸ್ಫೇಟ್ ಎಷ್ಟು, ಹೋದ ತಿಂಗಳು ಎಷ್ಟಿತ್ತು ಅಂತ. ಸಂಬಂಧಪಟ್ಟ ಇಲಾಖೆ ಕೊಡದಿದ್ದರೆ ಕೊಟ್ಟಿಲ್ಲ ಅಂತಲೇ ಹಾಕಿ. ಧಾರಣೆ ನೋಡಲು ಬೆಳಗ್ಗೆ ಪೇಪರ್ ಬಿಡಿಸುವ ಜನ ಯಾರ್ಡಿನಲ್ಲಿ ಸಾವಿರಾರು ಇದ್ದಾರೆ, ಪಕ್ಕದ ಕಾಲಂ ಮೇಲೂ ಕಣ್ಣು ಹೋಗೇ ಹೋಗುತ್ತದೆ.

ಇಂತಿ,
ಒಬ್ಬ ಮಂಡಿ ರೈಟರ್
ಎಪಿಎಂಸಿ ಯಾರ್ಡ್, ಕೋಲಾರ